ಗಂಟೆಗೆ 15 ಕಿಲೋಮೀಟರ್: ನಮ್ಮ ಕಿರುರೈಲಿಗೆ ಈ ವರ್ಷ ಬಂದ ಸಾಮಾನು

ದಸರಾ ಗೊಂಬೆ ಕೂರಿಸುವಷ್ಟರಲ್ಲಿ ನಂಜನಗೂಡಿನ ಹಳೇ ಸೇತುವೆ ಮೇಲೆ ಮೀಟರ್‌ಗೇಜ್ ರೈಲು ಓಡಬೇಕು ಅಂತ ಕಿರುರೈಲು ಹವ್ಯಾಸಿಗಳ ನಮ್ಮ ಗುಂಪು ಯುಗಾದಿ ಕಳೆದ ಕೂಡಲೇ ತೀರ್ಮಾನ ಮಾಡಿತ್ತು. ಮೈಸೂರು ಸರಸ್ವತಿಪುರಂನ ನಮ್ಮ ಮನೆ ಮಹಡಿ ಕೋಣೆಯಲ್ಲಿ, ಪ್ಲೈವುಡ್ ಹಲಗೆಗಳ ಮೇಲೆ, 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಆ ಸೇತುವೆ ಎದ್ದು ನಿಲ್ಲುತ್ತಿದೆ. ಅಲ್ಲಿಂದೀಚೆಗೆ ನಮ್ಮಲ್ಲಿ ಯಾರು ಏನು ಕೊಂಡರು, ಯಾವುದನ್ನು ತೆಗೆದು ಯಾವುದನ್ನು ಹಾಕಿದರು, ಅದರಿಂದ ರೈಲಿಗೆ ಏನಾಯಿತು ಅನ್ನುವುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಎಲ್ಲಕ್ಕಿಂತ ಮೊದಲು ಕೇಳುವುದು ‘ಯಾವ ಇಂಜಿನ್ ತಗೊಳ್ಳಲಿ ಮೇಡಂ?’ ಅಂತ. ಇಂಜಿನ್ ಯಾವುದಾದರೂ ಆಗಲಿ, ಅದು ನಿಧಾನವಾಗಿ, ಮುಗ್ಗರಿಸದೆ, ನಡುವೆ ನಿಲ್ಲದೆ ನಡೆಯುವಂತೆ ಮಾಡುವ ಸಾಮಾನಿಗೆ ಮೊದಲು ದುಡ್ಡು ಹಾಕಿ ಅನ್ನುವುದು ನನ್ನ ಉತ್ತರ. ಈ ವರ್ಷದ ಕೆಲಸ ನೋಡಿದ ಮೇಲೆ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬಲ್ಲೆ.

ನಿಧಾನಕ್ಕೇ ಯಾಕೆ ಇಷ್ಟು ಒತ್ತು ಅಂತ ಕೇಳಿದರೆ ಸೇತುವೆಯ ವಿಷಯ ಹೇಳಬೇಕು. ಕಪಿಲಾ ನದಿಗೆ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಸೇತುವೆ ಅದು. ಇನ್ನೂರು ಮೀಟರಿಗೂ ಮಿಕ್ಕ ಉದ್ದ, ಸಾಲಾಗಿ ಚೂಪು ಕಮಾನುಗಳು. ರೈಲು ಅನ್ನುವುದೇ ಇಲ್ಲದ ಕಾಲದಲ್ಲಿ ಕಟ್ಟಿದ ಆ ಕಲ್ಲಿನ ಮೇಲೆ ಮುಂದೆ ಮೀಟರ್‌ಗೇಜ್ ಹಳಿ ಹಾಸಿದರು. ಒಂದು ಮಗ್ಗುಲಲ್ಲಿ ರೈಲು, ಇನ್ನೊಂದು ಮಗ್ಗುಲಲ್ಲಿ ರಸ್ತೆ. ಚಾಮರಾಜನಗರದ ದಾರಿ ಬ್ರಾಡ್‌ಗೇಜ್ ಆಗುವವರೆಗೂ ಹಾಗೇ ನಡೆಯಿತು. ಅಜ್ಜಿ ಮನೆಗೆ ಹೋಗುವಾಗ ಚಾಮರಾಜಪುರಂನಲ್ಲಿ ಹತ್ತಿ, ಅಶೋಕಪುರಂ, ಕಡಕೊಳ, ತಾಂಡವಪುರ, ಸುಜಾತಪುರ ದಾಟಿ ಬಂದರೆ ಕೊನೆಗೆ ಆ ಸೇತುವೆ. ರೈಲು ಅದರ ಮೇಲೆ ಎಷ್ಟು ನಿಧಾನ ಹೋಗುತ್ತಿತ್ತು ಅಂದರೆ ಪಕ್ಕದ ರಸ್ತೆಯಲ್ಲಿ ಸೈಕಲ್ ತುಳಿಯುವವರು ನಮ್ಮ ಕಿಟಕಿಯನ್ನು ದಾಟಿ ಮುಂದೆ ಹೋಗುತ್ತಿದ್ದರು. ಆ ಸೇತುವೆಯನ್ನು ಮಾದರಿಯಲ್ಲಿ ಕಟ್ಟಿ, ಅದರ ಮೇಲೆ ರೈಲನ್ನು ಎಕ್ಸ್‌ಪ್ರೆಸ್ಸಿನ ವೇಗದಲ್ಲಿ ಬಿಟ್ಟರೆ ಕಟ್ಟಿದ್ದಕ್ಕೆ ಅರ್ಥವೇ ಇಲ್ಲ.

ಲೆಕ್ಕ ಹೀಗೆ. ಸೇತುವೆ ಮೇಲೆ ರೈಲಿನ ವೇಗ ಗಂಟೆಗೆ 15 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 4.2 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 48 ಮಿಲಿಮೀಟರ್. ನನ್ನ ಸೇತುವೆಯ ಒಂದು ಮೀಟರ್ ದಾಟಲು ರೈಲು 21 ಸೆಕೆಂಡ್ ತೆಗೆದುಕೊಳ್ಳಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಒಂದು ಸಲ ನೋಡಿ: ಇಪ್ಪತ್ತೊಂದು ಸೆಕೆಂಡಿನಲ್ಲಿ ಒಂದು ಮೀಟರ್ ಅನ್ನುವುದು ಸಾಮಾನ್ಯ ಆಟಿಕೆ ಇಂಜಿನ್ನಿಗೆ ಸಾಧ್ಯವೇ ಇಲ್ಲ. ಒಂದೋ ಅದು ಅಲ್ಲಾಡುವುದಿಲ್ಲ, ಇಲ್ಲವೇ ಜಿಗಿದು ಹೊರಡುತ್ತದೆ. ಈ ವರ್ಷ ನಾವು ಕೊಂಡ ಹೆಚ್ಚುಪಾಲು ಸಾಮಾನು ಈ 21 ಸೆಕೆಂಡಿಗಾಗಿ.

ಮೊದಲು ಹಳಿ. ನಮ್ಮ ದೇಶದ ರೈಲನ್ನು ಎಚ್‌ಓ ಅಳತೆಯಲ್ಲಿ, ಅಂದರೆ ಈ 87ರಲ್ಲಿ ಒಂದು ಪಾಲಿನಲ್ಲಿ, ಮಾಡುವವರಿಗೆಲ್ಲ ಇರುವ ಒಂದು ನೋವು ಹೇಳುತ್ತೇನೆ. ಎಚ್‌ಓ ಹಳಿಯ ಅಗಲ 16.5 ಮಿ.ಮೀ.; ಅದು ಯುರೋಪು, ಅಮೆರಿಕದ 1435 ಮಿ.ಮೀ. ಹಳಿಗೆ ಲೆಕ್ಕ ಹಾಕಿದ್ದು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಹಾಗಾಗಿ ಬ್ರಾಡ್‌ಗೇಜಿನ ಡಬ್ಲ್ಯುಎಪಿ-7 ವಿದ್ಯುತ್ ಇಂಜಿನ್ನನ್ನು ಎಷ್ಟೇ ಚೆನ್ನಾಗಿ ಮಾಡಿ ಪೇಟೆಯ ಹಳಿ ಮೇಲೆ ಇಟ್ಟರೂ ಎದುರಿನಿಂದ ನೋಡಿದಾಗ ಗಾಲಿಗಳು ಒಳಗೆ ಸೇರಿಕೊಂಡಂತೆ ಕಾಣುತ್ತವೆ. ಮೀಟರ್‌ಗೇಜಿಗೆ ಈ ಕಷ್ಟ ಇಲ್ಲ. 1000 ಮಿ.ಮೀ.ಗೆ 11.5 ಆಗುತ್ತದೆ, ಸ್ವಿಸ್ ಪರ್ವತ ರೈಲುಗಳ ಮಾದರಿ ಮಾಡುವವರಿಗಾಗಿ 12 ಮಿ.ಮೀ. ಹಳಿ ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿದವರು ಮೀಟರ್‌ಗೇಜನ್ನೇ ಮಾದರಿಗೆ ಆರಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಬೆಂಗಳೂರಿನ ದಾರಿ, ಚಾಮರಾಜನಗರದ ದಾರಿ, ಎಲ್ಲವೂ ಒಂದು ಕಾಲಕ್ಕೆ ಅದೇ ತಾನೆ.

ಹಾಗಾಗಿ ಈ ವರ್ಷದ ದೊಡ್ಡ ಖರೀದಿ ಪೀಕೋ ಕಂಪನಿಯ 12 ಮಿ.ಮೀ. ಬಗ್ಗಿಸುವ ಹಳಿ. ಒಂದೊಂದು ತುಂಡು 914 ಮಿ.ಮೀ. ಉದ್ದ, ಕೋಡ್ 75, ಅಂದರೆ ಕಂಬಿಯ ಎತ್ತರ ಅಂಗುಲದ ಸಾವಿರದಲ್ಲಿ 75 ಭಾಗ. ಸುಂಕದ ಪಟ್ಟಿಯಲ್ಲಿ ಮಾದರಿ ರೈಲೂ ಆಟಿಕೆಗಳ ಜೊತೆಗೇ 9503ರ ಅಡಿ ಬರುತ್ತದೆ. ಆ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ ಹೋಯಿತು. ಆದ್ದರಿಂದ ಒಬ್ಬೊಬ್ಬರೇ ಒಂದೊಂದು ಡಬ್ಬಿ ತರಿಸುವ ಕಾಲ ಮುಗಿಯಿತು. ಎಲ್ಲರ ಪಟ್ಟಿಯನ್ನೂ ಸೇರಿಸಿ, ಇಲ್ಲಿ ಮಾಡಿಕೊಳ್ಳಲು ಆಗುವುದನ್ನೆಲ್ಲ ಹೊಡೆದು ಹಾಕಿ, ಉಳಿದದ್ದನ್ನು ಮಾತ್ರ ಒಟ್ಟಿಗೆ ತರಿಸುತ್ತೇವೆ. ಹೊಡೆದು ಹಾಕಿದ ಭಾಗವೇ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ, ನನಗೆ ಅದು ಸಂತೋಷ.

ಇಂಜಿನ್ನಿಗೆ ಬರುತ್ತೇನೆ. ನಮಗೆ ಬೇಕಾದ್ದು ವೈಡಿಎಂ-4: ಅಮೆರಿಕದ ಆಲ್ಕೋ ವಿನ್ಯಾಸ, ಆಮೇಲೆ ವಾರಾಣಸಿಯಲ್ಲೂ ತಯಾರಾದ ಮೀಟರ್‌ಗೇಜ್ ಡೀಸೆಲ್, ಆರು ಅಚ್ಚು. ಅದರ ಚಾಸಿಗೆ, ಅಂದರೆ ಮೋಟಾರು, ಗಾಲಿ ಕೂರುವ ತಳಕ್ಕೆ, ದಾರಿ ಸಿಕ್ಕಿದ್ದು ಟಿಟಿ ಅಳತೆಯಿಂದ. ಟಿಟಿ ಅಂದರೆ 120ರಲ್ಲಿ ಒಂದು ಪಾಲು; ಅಲ್ಲಿ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿನ ಹಳಿಯೂ 12 ಮಿ.ಮೀ. ಅಗಲವೇ ಬರುತ್ತದೆ. ಪೂರ್ವ ಯುರೋಪಿನಲ್ಲಿ ಮಾತ್ರ ಹೆಚ್ಚು ನಡೆಯುತ್ತಿದ್ದ ಈ ಅಳತೆಗೆ ಹಾರ್ನ್‌ಬಿ ಕಂಪನಿ 2022ರಲ್ಲಿ ಕೈಹಾಕಿದ ಮೇಲೆ ಸಾಮಾನು ಸಿಗುವುದು ಸಲೀಸಾಯಿತು. ಆರು ಅಚ್ಚಿನ ಒಂದು ಟಿಟಿ ಡೀಸೆಲ್ ತರಿಸಿ, ಮೇಲಿನ ಕವಚ ತೆಗೆದು, ಮೋಟಾರು ಗೇರುಗಳನ್ನು ಉಳಿಸಿಕೊಂಡು, ಅದರ ಮೇಲೆ ನಮ್ಮ ವೈಡಿಎಂ-4ರ ಮೈ ಕೂರಿಸಿದೆವು.

ಆ ಮೈ ಮಾಡಿದ್ದು ನಮ್ಮ ಗುಂಪಿನ ಮಂಡ್ಯದ ಹುಡುಗ. ಅವನ ಈ ವರ್ಷದ ಖರೀದಿ ರೆಸಿನ್ ಮುದ್ರಣ ಯಂತ್ರ, ಅಂದರೆ ದ್ರವ ರೆಸಿನ್ನನ್ನು ಪದರ ಪದರವಾಗಿ ಗಟ್ಟಿ ಮಾಡಿ ಆಕಾರ ಎಬ್ಬಿಸುವ 3ಡಿ ಪ್ರಿಂಟರ್. ಒಂದೊಂದು ಪದರ 0.05 ಮಿ.ಮೀ. ದಪ್ಪ, ಬೋನೆಟ್ ಬಾಗಿಲುಗಳ ಕೀಲು, ಏಣಿ ಮೆಟ್ಟಿಲು, ತುದಿಯ ಗ್ರಿಲ್ ಎಲ್ಲ ಎದ್ದು ಬಂದಿವೆ. ಮೊದಲ ಮೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಿನ ಪ್ಯಾಸೆಂಜರಿಗೆ ಬಂದವನು, ಚಪ್ಪಲಿ ಬಿಡುವ ಮೊದಲೇ, “ಅಕ್ಕಾ, ಕ್ಯಾಬ್ ಕಿಟ್ಕಿ ನೋಡಿ ಹೆಂಗೈತೆ! ಚೌಕಟ್ಟೂ ಬಂದೈತೆ” ಅಂದ. ನಿಜವಾಗಿಯೂ ಬಂದಿತ್ತು. ಮುದ್ರಣವಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಬೇಕು, ಆಮೇಲೆ ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡಬೇಕು. ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ, ಕೈಗವಸು ಇಲ್ಲದೆ ಮುಟ್ಟಲೇಬಾರದು, ಕಿಟಕಿ ತೆಗೆದಿರಬೇಕು. ಇದನ್ನು ಅವನು ಎಲ್ಲರಿಗೂ ಹೇಳುತ್ತಾನೆ, ನಾನೂ ಹೇಳುತ್ತೇನೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜನ್ನೇ ಏರಿಳಿಸಿ ವೇಗ ಬದಲಾಯಿಸುತ್ತಿದ್ದರು. ನಿಧಾನ ಬೇಕೆಂದು ವೋಲ್ಟೇಜ್ ಇಳಿಸಿದಷ್ಟೂ ಮೋಟಾರಿನ ಶಕ್ತಿಯೂ ಇಳಿಯುತ್ತದೆ; ಸಣ್ಣ ತಿರುವು ಬಂದರೂ ರೈಲು ನಿಂತುಬಿಡುತ್ತದೆ. ಡಿಸಿಸಿ, ಅಂದರೆ ಹಳಿಯ ಮೂಲಕವೇ ಇಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿಯಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಅದು ಬಹಳ ವೇಗವಾಗಿ ದಿಕ್ಕು ಬದಲಿಸುತ್ತಿರುತ್ತದೆ, ಆ ಬದಲಾವಣೆಯ ಕಾಲದಲ್ಲೇ ಆಜ್ಞೆ ಅಡಗಿರುತ್ತದೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ 0. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಒಂದು ತುಂಡು ಹಳಿಯನ್ನೂ ಕಂಟ್ರೋಲರನ್ನೂ ಪ್ರಯೋಗಾಲಯಕ್ಕೆ ಒಯ್ದು ಆಸಿಲೋಸ್ಕೋಪಿನ ಪರದೆ ಮೇಲೆ ಈ ಅಲೆಗಳನ್ನು ಮಕ್ಕಳಿಗೆ ತೋರಿಸಿದೆ. ಗಿಡ್ಡ ಅಲೆ, ಉದ್ದ ಅಲೆ ಎಣಿಸಿ ಅವರೇ ಇಂಜಿನ್ನಿನ ವಿಳಾಸ, ಅಂದರೆ ಆಜ್ಞೆ ಯಾವ ಇಂಜಿನ್ನಿಗೆ ಅಂತ ಹೇಳುವ ನಂಬರು, ಓದಿದರು. ಪುಸ್ತಕದಲ್ಲಿ ಓದಿದ ದ್ವಿಮಾನ ಸಂಖ್ಯೆ ಒಂದು ರೈಲನ್ನು ಓಡಿಸುತ್ತದೆ ಅಂತ ಕಣ್ಣಾರೆ ಕಂಡಾಗ ಹಿಂದಿನ ಬೆಂಚಿನವರೂ ಎದ್ದು ಬಂದರು.

ಕಂಟ್ರೋಲರಿಗೆ ಹೊರಗಿನಿಂದ ಏನೂ ತರಿಸಲಿಲ್ಲ. ಡಿಸಿಸಿ-ಇಎಕ್ಸ್ ಅನ್ನುವ ಮುಕ್ತ ತಂತ್ರಾಂಶ ಇದೆ. ಆರ್ಡುಯಿನೋ ಮೆಗಾ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿನ ಮೇಲೆ, ಹಳಿಗೆ ಕರೆಂಟು ಕೊಡುವ ಮೋಟಾರ್ ಶೀಲ್ಡ್ ಅನ್ನುವ ಇನ್ನೊಂದು ಬೋರ್ಡು ಕೂರಿಸಿ ಅದನ್ನು ತುಂಬಿದರೆ ಕಂಟ್ರೋಲ್ ಸ್ಟೇಷನ್ ಸಿದ್ಧ. ಬೋರ್ಡು, ಶೀಲ್ಡು, ಅಡಾಪ್ಟರು ಮೂರೂ ಸೇರಿ, ಕಂಪನಿಯ ಸಿದ್ಧ ಕಂಟ್ರೋಲರಿನ ಬೆಲೆಯ ಸಣ್ಣ ಪಾಲು. ಮಾಡುವವರಿಗೆ ಒಂದು ಮುಖ್ಯ ಮಾತು: ಆರ್ಡುಯಿನೋದ ಮಾಮೂಲಿ ಎಲ್298 ಶೀಲ್ಡಿಗೆ 12 ವೋಲ್ಟಿಗಿಂತ ಹೆಚ್ಚು ಕೊಡುವುದಾದರೆ ಅದರ ಅಡಿಯ ವಿನ್ (Vin) ಸಂಪರ್ಕವನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ಆ ವೋಲ್ಟೇಜ್ ಕೆಳಗಿನ ಬೋರ್ಡಿಗೂ ಹೋಗುತ್ತದೆ. ಈ ವರ್ಷ ನಾನು ಆ ಶೀಲ್ಡ್ ತೆಗೆದು, ಡಿಸಿಸಿ-ಇಎಕ್ಸ್ ತಂಡದವರೇ ರೂಪಿಸಿದ 8874 ಶೀಲ್ಡ್ ಹಾಕಿದೆ. ಹಳೆಯದರಲ್ಲಿ ಎರಡು ವೋಲ್ಟಿನಷ್ಟು ಶಾಖವಾಗಿ ಸೋರಿಹೋಗುತ್ತಿತ್ತು. ಇದು ಬೆಚ್ಚಗೂ ಆಗುವುದಿಲ್ಲ. ರೈಲು ಓಡಿಸುವುದು ಮೊಬೈಲಿನಿಂದ, ಎಂಜಿನ್ ಡ್ರೈವರ್ ಅನ್ನುವ ಉಚಿತ ಆ್ಯಪಿನಲ್ಲಿ.

ಹಳಿಗೆ ಕರೆಂಟು ಒಯ್ಯುವ ತಂತಿಯ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಶಿವರಾಂಪೇಟೆಯಲ್ಲಿ ಮನೆ ವೈರಿಂಗಿಗೆ ಕೊಡುವ 1.5 ಚದರ ಮಿ.ಮೀ. ತಾಮ್ರದ ವೈರು ತಂದು ಹಲಗೆಯ ಅಡಿಯಲ್ಲಿ ಉದ್ದಕ್ಕೂ ಎಳೆದಿದ್ದೇನೆ. ಪ್ರತಿಯೊಂದು ತುಂಡು ಹಳಿಗೂ ಅದರಿಂದ ಸಣ್ಣ ತಂತಿ ಎದ್ದು ಬಂದು ಸಾಲ್ಡರ್ ಆಗಿದೆ. ಹಳಿ ಜೋಡಿಸುವ ಫಿಶ್‌ಪ್ಲೇಟನ್ನು ಕರೆಂಟಿಗೆ ನಂಬಬಾರದು, ಕಾಲಕ್ರಮೇಣ ಅದು ಸಡಿಲವಾಗುತ್ತದೆ, ಕಿಲುಬು ಹಿಡಿಯುತ್ತದೆ. ವೈರಿಂಗ್ ಸರಿಯಿದೆಯೇ ಅಂತ ನೋಡಲು ಒಂದು ರೂಪಾಯಿ ನಾಣ್ಯವನ್ನು ಎರಡೂ ಕಂಬಿಗೆ ತಾಗುವಂತೆ ಇಡಿ. ಲೇಔಟಿನ, ಅಂದರೆ ಹಳಿ ಹಾಸಿದ ಹಲಗೆಯ, ಯಾವ ಮೂಲೆಯಲ್ಲಿಟ್ಟರೂ ಕಂಟ್ರೋಲರ್ ತಕ್ಷಣ ಟ್ರಿಪ್ ಆಗಬೇಕು. ಆಗದ ಕಡೆ ತಂತಿ ಸಾಲದು ಅಂತ ಲೆಕ್ಕ.

ಇನ್ನು ಡಿಕೋಡರ್, ಹಳಿಯಿಂದ ಬರುವ ಆಜ್ಞೆ ಓದಿ ಮೋಟಾರ್ ನಡೆಸುವ ಚಿಪ್ಪು. ಇಂಜಿನ್ನಿನ ಹೊಟ್ಟೆಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೂರುವ ಈ ಚಿಪ್ಪಿಗೆ ಈ ಸಲ ಕೈಬಿಚ್ಚಿ ಖರ್ಚು ಮಾಡಿದೆ. ಹಳೆಯ ಇಂಜಿನ್ನಿನಲ್ಲಿದ್ದ ಅಗ್ಗದ ಡಿಕೋಡರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಇದು ಮೋಟಾರಿನ ಬ್ಯಾಕ್ ಇಎಂಎಫ್ ಅಳೆಯುತ್ತದೆ. ದ್ವಿತೀಯ ಪಿಯು ಮಕ್ಕಳಿಗೆ ಇದು ಗೊತ್ತಿರುತ್ತದೆ. ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿ ತಾನೇ ಒಂದು ವೋಲ್ಟೇಜ್ ಹುಟ್ಟಿಸುತ್ತದೆ, ತಿರುಗುವ ವೇಗ ಹೆಚ್ಚಿದಷ್ಟೂ ಅದೂ ಹೆಚ್ಚು. ಡಿಕೋಡರ್ ಕ್ಷಣಮಾತ್ರ ಮೋಟಾರಿಗೆ ಕರೆಂಟು ನಿಲ್ಲಿಸಿ, ಆ ಕ್ಷಣದಲ್ಲಿ ಮೋಟಾರ್ ಹುಟ್ಟಿಸುವ ವೋಲ್ಟೇಜ್ ಓದಿ, ಹೇಳಿದ ವೇಗಕ್ಕಿಂತ ಕಡಿಮೆ ತಿರುಗುತ್ತಿದ್ದರೆ ಇನ್ನಷ್ಟು ಕೊಡುತ್ತದೆ, ಹೆಚ್ಚಿದ್ದರೆ ತಗ್ಗಿಸುತ್ತದೆ. ಸೆಕೆಂಡಿಗೆ ಎಷ್ಟೋ ಸಲ ಇದು ನಡೆಯುತ್ತಿರುತ್ತದೆ. ಹಾಗಾಗಿ ಸೇತುವೆಗೆ ಮುಂಚಿನ ತಿರುವಿನಲ್ಲೂ, ಐದು ಬೋಗಿ ಎಳೆಯುವಾಗಲೂ, ಬರೀ ಇಂಜಿನ್ ಹೋಗುವಾಗಲೂ ಅದೇ 48 ಮಿಲಿಮೀಟರ್.

ಡಿಕೋಡರಿನ ಗುಣಗಳನ್ನು ಸಿವಿ ಅನ್ನುವ ನಂಬರಿನ ಮನೆಗಳಲ್ಲಿ ಬರೆದಿಡುತ್ತಾರೆ. ಸಿವಿ 2ರಲ್ಲಿ ಹೊರಡುವ ವೋಲ್ಟೇಜ್, 3ರಲ್ಲಿ ವೇಗ ಹಿಡಿಯುವ ಹೊತ್ತು, 4ರಲ್ಲಿ ನಿಲ್ಲುವ ಹೊತ್ತು, 5ರಲ್ಲಿ ಗರಿಷ್ಠ ವೇಗ. ಹೊಸ ಡಿಕೋಡರ್ ವಿಳಾಸ 3 ಹೊತ್ತು ಬರುತ್ತದೆ. ನಾನು ಇಂಜಿನ್ನಿನ ಪಕ್ಕದಲ್ಲಿ ಬರೆದ ನಾಲ್ಕಂಕಿ ನಂಬರನ್ನೇ ವಿಳಾಸ ಮಾಡಿದೆ. ಸಿವಿ 5 ಅನ್ನು ಧೈರ್ಯವಾಗಿ ಕೆಳಗಿಳಿಸಿ. ನಮ್ಮ ಪ್ಯಾಸೆಂಜರ್ ಯಾವ ಕಾಲಕ್ಕೂ ಗಂಟೆಗೆ 60 ಮೀರುವ ಅಗತ್ಯ ಇಲ್ಲ. ಗರಿಷ್ಠ ಕಡಿಮೆ ಮಾಡಿದರೆ ವೇಗದ 128 ಹಂತಗಳೂ ಅಷ್ಟರೊಳಗೇ ಹಂಚಿಕೊಳ್ಳುತ್ತವೆ, ನಿಧಾನದ ಕಡೆ ಬೆರಳಿಗೆ ಹಿಡಿತ ಸಿಗುತ್ತದೆ. ಡಿಕೋಡರಿನ ಜೊತೆಗೆ ಕೆಪಾಸಿಟರುಗಳ ಒಂದು ಸಣ್ಣ ಕಟ್ಟು ಹಾಕಿದ್ದೇನೆ. ಹಳಿಯ ಮೇಲೆ ಧೂಳು ಕೂತು ಗಾಲಿಗೆ ಕರೆಂಟು ತಪ್ಪಿದರೆ, ಅದರಲ್ಲಿ ಕೂಡಿಟ್ಟದ್ದು ಇಂಜಿನ್ನನ್ನು ಒಂದೆರಡು ಸೆಕೆಂಡ್ ಮುಂದೆ ತಳ್ಳುತ್ತದೆ. ನಿಧಾನವಾಗಿ ಹೋಗುವ ರೈಲಿಗೆ ಇದು ಬೇಕೇ ಬೇಕು. ವೇಗದ ರೈಲು ಕೊಳೆಯನ್ನು ತನ್ನ ಜೋರಿನಲ್ಲೇ ದಾಟಿಬಿಡುತ್ತದೆ, ನಿಧಾನದ್ದು ಅಲ್ಲೇ ನಿಲ್ಲುತ್ತದೆ.

ಹಾಗಂತ ಹಳಿ ಒರೆಸುವುದು ತಪ್ಪುವುದಿಲ್ಲ. ಐಸೋಪ್ರೊಪೈಲ್ ಹಾಕಿದ ಬಟ್ಟೆ ಸಾಕು. ಉಪ್ಪುಕಾಗದ ಮಾತ್ರ ಹಿಡಿಯಬೇಡಿ, ಕಂಬಿಯ ಮೇಲೆ ಬೀಳುವ ಗೀರುಗಳಲ್ಲೇ ಮುಂದೆ ಕೊಳೆ ಸೇರುತ್ತದೆ.

ನಮ್ಮಲ್ಲಿ ಅತಿ ಕಡಿಮೆ ಖರ್ಚು ಮಾಡಿ ಅತಿ ಹೆಚ್ಚು ಲಾಭ ಕೊಟ್ಟವರು ಫಿಟ್ಟರ್ ಮಾವ. ಅಶೋಕಪುರಂ ವರ್ಕ್‌ಶಾಪಿನಲ್ಲಿ ಇಡೀ ಆಯುಷ್ಯ ನಿಜವಾದ ಬೋಗಿಗಳ ಗಾಲಿ ನೋಡಿದವರು. ಅವರು ಕೊಂಡದ್ದು ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಒಂದು ಭಾನುವಾರ ಮಧ್ಯಾಹ್ನ ಎಲ್ಲರ ಬೋಗಿಗಳನ್ನೂ ತರಿಸಿ, ಒಂದೊಂದೇ ಜೋಡಿ ಗಾಲಿ ಬಿಚ್ಚಿ, ಎರಡು ಗಾಲಿಗಳ ಬೆನ್ನಿನಿಂದ ಬೆನ್ನಿಗಿರುವ ಅಂತರ ಅಳೆಯುತ್ತಾ ಹೋದರು. 16.5ರ ಎಚ್‌ಓ ಹಳಿಗೆ ಅದು 14.4 ಮಿ.ಮೀ. ಆಸುಪಾಸು ಇರಬೇಕು. ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಆಚೀಚೆ ಆದರೂ ಪಾಯಿಂಟಿನಲ್ಲಿ, ಅಂದರೆ ಹಳಿ ಕವಲೊಡೆಯುವ ಕಡೆ, ಗಾಲಿ ಏರುತ್ತದೆ, ಬೋಗಿ ಬೀಳುತ್ತದೆ. ಡಾಕ್ಟರರ ಒಂದು ಬೋಗಿ ಯಾವಾಗಲೂ ಅದೇ ಪಾಯಿಂಟಿನಲ್ಲಿ ಉರುಳುತ್ತಿತ್ತು. ಮಾವ ಅಳೆದು, ಅಚ್ಚನ್ನು ನಾಜೂಕಾಗಿ ತಿರುಚಿ ಗಾಲಿ ಸರಿಸಿ, “ಹಳೀದೇನೂ ತಪ್ಪಿಲ್ಲಮ್ಮ, ಗಾಲೀನೇ ಒಳಗೆ ಬಂದಿತ್ತು. ದೊಡ್ಡ ರೈಲಲ್ಲೂ ಇದನ್ನೇ ಮೊದಲು ನೋಡೋದು” ಅಂದರು. ಆ ಬೋಗಿ ಆಮೇಲೆ ಬಿದ್ದಿಲ್ಲ. ನನ್ನ 12 ಮಿ.ಮೀ. ಗಾಲಿಗಳಿಗೆ ಅವರೇ ಹಿತ್ತಾಳೆಯಲ್ಲಿ ಒಂದು ಗೇಜ್ ಮಾಡಿಕೊಟ್ಟಿದ್ದಾರೆ. ಗಾಲಿ ನಡುವೆ ಇಟ್ಟರೆ ಸರಿ ತಪ್ಪು ಕೂಡಲೇ ತಿಳಿಯುತ್ತದೆ, ಅಳೆಯುವ ಗೋಜಿಲ್ಲ.

ಡಾಕ್ಟರು ಅಂದೆನಲ್ಲ, ಅವರು ದಂತವೈದ್ಯರು, ನಮ್ಮ ಗುಂಪಿನಲ್ಲಿ ಸಂಗ್ರಹದ ರುಚಿ ಇರುವವರು. ಈ ವರ್ಷ ಅವರ ಕಪಾಟಿಗೆ ಸೇರಿದ್ದು ಸ್ವಿಟ್ಜರ್ಲೆಂಡಿನ ಕ್ರೊಕಡೈಲ್ ಇಂಜಿನ್, ಮಾರ್ಕ್ಲಿನ್ ಕಂಪನಿಯದು. ಮಾರ್ಕ್ಲಿನ್ ಹಳಿಯಲ್ಲಿ ನಡುವೆ ಸಣ್ಣ ಮೊಳೆಗಳ ಸಾಲೊಂದು ಮೂರನೇ ಕಂಬಿಯಾಗಿ ಕೆಲಸ ಮಾಡುತ್ತದೆ. ಗಾಲಿಗಳಿಗೆ ಇನ್ಸುಲೇಷನ್ ಇರುವುದಿಲ್ಲ. ಹಾಗಾಗಿ ನಮ್ಮ ಯಾರ ಹಳಿಯ ಮೇಲೂ ಅದು ಓಡದು. ಹಸಿರು ಬಣ್ಣದ ಆ ಉದ್ದ ಮೂತಿಯ ಇಂಜಿನ್ ಅವರ ಮನೆಯಲ್ಲೇ ತಿರುಗುತ್ತದೆ, ನಾವು ಕಾಫಿ ಹಿಡಿದು ನೋಡುತ್ತೇವೆ.

ಆದರೆ ನಮ್ಮ ಸೇತುವೆ ಎದ್ದು ನಿಂತದ್ದು ಅವರ ಕಸುಬಿನಿಂದ. ನಾನು ಮೊದಲು ಒಂದೊಂದೇ ಕಂಬವನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಕೆತ್ತುವ ಯೋಚನೆಯಲ್ಲಿದ್ದೆ. ಅವರು ನೋಡಿ, “ಒಂದು ಕಂಬ, ಒಂದು ಕಮಾನು ಚೆನ್ನಾಗಿ ಕೆತ್ತಿ ಕೊಡಿ ಮೇಡಂ, ಮಿಕ್ಕಿದ್ದು ನನಗೆ ಬಿಡಿ” ಅಂದರು. ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿಯಲ್ಲಿ ಆ ಮೂಲದ ಅಚ್ಚು ತೆಗೆದು, ಡೆಂಟಲ್ ಸ್ಟೋನ್ ಹುಯ್ದು ಕಂಬಗಳನ್ನು ಎರಕ ಮಾಡಿದರು. ಡೆಂಟಲ್ ಸ್ಟೋನ್ ಕೂಡ ಜಿಪ್ಸಮ್ಮೇ, ಆದರೆ ಪ್ಲಾಸ್ಟರಿಗಿಂತ ಬಹಳ ಗಟ್ಟಿ. ಮೂಲೆ ಮುರಿಯುವುದಿಲ್ಲ, ಕಲ್ಲಿನ ಸಂದುಗಳು ಉಗುರಿಗೆ ತಾಗುವಷ್ಟು ಸ್ಪಷ್ಟ. ಅದೇ ಕೆಲಸಕ್ಕೆ ಆಲ್ಜಿನೇಟ್ ಅಗ್ಗ, ಆದರೆ ಒಣಗುತ್ತಾ ಕುಗ್ಗುವುದರಿಂದ ಒಂದೇ ಅಚ್ಚಿನಿಂದ ಅನೇಕ ಕಂಬ ತೆಗೆಯಲು ಬರುವುದಿಲ್ಲ. ಪೂರ್ತಿ ಸೇತುವೆ ಮಾಡಿದರೆ ಎರಡೂಕಾಲು ಮೀಟರಿಗೂ ಮೀರುತ್ತದೆ; ಹಾಲಿನಲ್ಲಿ ಗೊಂಬೆ ಮೆಟ್ಟಿಲಿನ ಮುಂದೆ ಹಿಡಿಸಬೇಕಲ್ಲ, ಅದಕ್ಕೆ ನದಿಯ ನಡುಭಾಗವನ್ನಷ್ಟೇ, ಎರಡು ಹಲಗೆಗಳಲ್ಲಿ, ಕಳಚಿ ಕೂಡಿಸುವ ಹಾಗೆ ಮಾಡಿದ್ದೇವೆ. ಕಂಬಗಳು ಗಿಡ್ಡ, ಒತ್ತೊತ್ತಾಗಿ ನಿಂತಿವೆ. ಆ ಗಿಡ್ಡತನವೇ ಅದರ ಚೆಲುವು.

ಹಳಿಯಡಿಯ ಜಲ್ಲಿಗೆ ಪೇಟೆಯ ಪೊಟ್ಟಣ ಕೊಂಡಿಲ್ಲ. ನಿಜವಾದ ಜಲ್ಲಿ 50ರಿಂದ 65 ಮಿ.ಮೀ. ಅಂತ ಇಟ್ಟುಕೊಂಡರೆ ನಮಗೆ 0.6ರಿಂದ 0.75 ಮಿ.ಮೀ. ಬೇಕು. ಪಕ್ಕದ ಮನೆಯ ಕಟ್ಟಡ ಕೆಲಸಕ್ಕೆ ತಂದಿದ್ದ ಎಂ-ಸ್ಯಾಂಡನ್ನು ಕೇಳಿ ತಂದು, ತೊಳೆದು ಒಣಗಿಸಿ, ರವೆ ಜರಡಿಯಲ್ಲಿ ಜಾಲಿಸಿ, ಹಿಟ್ಟಿನಂಥ ಪುಡಿಯನ್ನು ಇನ್ನೊಂದು ಜರಡಿಯಲ್ಲಿ ಕಳೆದರೆ ಉಳಿಯುವುದು ಸರಿಯಾದ ಗಾತ್ರ. ಬಣ್ಣವೂ ನಮ್ಮ ಕಡೆಯ ಕಲ್ಲಿನದೇ. ಹಾಕುವ ಮುಂಚೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಉಳಿದರೆ ಮೋಟಾರಿನೊಳಗೆ ಸೇರುತ್ತದೆ. ಹರಡಿದ ಮೇಲೆ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರನ್ನು ಚಿಮುಕಿಸಿ, ತೆಳ್ಳಗೆ ಕಲಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ಬಿಡಬೇಕು. ಮೊದಲು ನೆನೆಸದಿದ್ದರೆ ಅಂಟು ಒಳಗಿಳಿಯದೆ ಮೇಲೇ ಗುಂಡಾಗಿ ನಿಲ್ಲುತ್ತದೆ.

ನದಿಯ ದಡಕ್ಕೆ ಒಣಗಿಸಿದ ಚಹಾ ಚರಟ. ತೋಟಕ್ಕೆ ನಂಜನಗೂಡಿನ ರಸಬಾಳೆ. ಮೂರು ಮೀಟರ್ ಗಿಡ 3.5 ಸೆಂ.ಮೀ. ಆಗುತ್ತದೆ, ಎಲೆಗಳನ್ನು ಕಾಗದದಲ್ಲಿ ಕತ್ತರಿಸುವವರು ನಮ್ಮಮ್ಮ. ಎಲೆಯ ಅಂಚನ್ನು ಅಲ್ಲಲ್ಲಿ ಗಾಳಿಗೆ ಸೀಳಿದಂತೆ ಬಿಡಿಸುತ್ತಾರೆ, ಅದಿಲ್ಲದಿದ್ದರೆ ಬಾಳೆ ಅನ್ನಿಸುವುದೇ ಇಲ್ಲ. ತೆಂಗಿನ ಮರ ಅಳತೆಗೆ ಸರಿಯಾಗಿ ಮಾಡಿದರೆ ಗೇಣುದ್ದಕ್ಕೂ ಹೆಚ್ಚು ಎತ್ತರ ಬರುತ್ತದೆ, 20 ಮೀಟರ್ ಮರ 23 ಸೆಂ.ಮೀ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ತೆಂಗು ಅದರ ಅರ್ಧವೂ ಇರುವುದಿಲ್ಲ. ಎತ್ತರದ ತೆಂಗಿನ ಕೆಳಗೆ ರೈಲು ಎಷ್ಟು ಸಣ್ಣದಾಗಿ ಕಾಣಬೇಕೋ ಅಷ್ಟು ಸಣ್ಣದಾಗಿ ಕಂಡಾಗ ಮಾತ್ರ ಅದು ನಮ್ಮ ಊರಿನ ನೋಟ.

ಮಂಡ್ಯದ ಹುಡುಗನ ಸ್ವಂತ ಲೇಔಟ್ ಬೇರೆಯೇ. ಅವನ ಕೋಣೆ ಸಣ್ಣದು, ಹಾಗಾಗಿ ಎನ್ ಅಳತೆ, 9 ಮಿ.ಮೀ. ಹಳಿ. ಕಾಟೋ ಕಂಪನಿಯ ಯುನಿಟ್ರ್ಯಾಕ್ ಕೊಂಡಿದ್ದಾನೆ. ಜಲ್ಲಿ ದಿಬ್ಬದ ಸಮೇತ ಬರುವ ಹಳಿ ಅದು, ಕ್ಲಿಕ್ಕೆಂದು ಕೂಡಿಕೊಳ್ಳುತ್ತದೆ, 282 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಇಡೀ ವೃತ್ತ ಎರಡು ಅಡಿ ಅಗಲದ ಹಲಗೆಯಲ್ಲಿ ಮುಗಿಯುತ್ತದೆ. ಬಾಡಿಗೆ ಮನೆಯವರಿಗೆ, ಗೋಡೆಗೆ ಮೊಳೆ ಹೊಡೆಯಲು ಆಗದವರಿಗೆ ಇದಕ್ಕಿಂತ ಒಳ್ಳೆಯ ಶುರು ನನಗೆ ಕಾಣುವುದಿಲ್ಲ. ಅವನು ಮಾಡುತ್ತಿರುವುದು ಮಂಡ್ಯದ ಕಡೆಯ ಕಬ್ಬಿನ ಗದ್ದೆ ನಡುವಿನ ಜೋಡಿ ಹಳಿ. ಕಬ್ಬಿಗೆ ಸೆಣಬಿನ ದಾರ ಬಿಡಿಸಿ ಬಣ್ಣ ಹಾಕಿ ನೆಟ್ಟಿದ್ದಾನೆ, ಒಂದೊಂದು ಪೈರು ಎರಡು ಸೆಂಟಿಮೀಟರಿಗೂ ಕಡಿಮೆ.

ನಮ್ಮೊಳಗೆ ಒಂದು ವಿಷಯಕ್ಕೆ ಒಪ್ಪಂದ ಇಲ್ಲ, ಅದು ಸೌಂಡ್ ಡಿಕೋಡರ್. ಡಾಕ್ಟರಿಗೆ ಶಬ್ದ ಇಲ್ಲದ ಇಂಜಿನ್ ಇಂಜಿನ್ನೇ ಅಲ್ಲ. ಆಲ್ಕೋ ಡೀಸೆಲ್ಲಿನ ಆ ಗುಡುಗುಡು ಶಬ್ದ ನನಗೂ ಬೇಕು. ಆದರೆ ಅಷ್ಟು ಸಣ್ಣ ಸ್ಪೀಕರಿನಲ್ಲಿ ತಗ್ಗು ಸ್ವರ ಹೊರಡುವುದಿಲ್ಲ, ಅದೇ ದುಡ್ಡಿಗೆ ಒಳ್ಳೆಯ ಮೋಟಾರು ಹಿಡಿತ ಸಿಗುತ್ತದೆ ಅನ್ನುವುದು ನನ್ನ ವಾದ. ಹಲಗೆಯ ಅಡಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ನೋಡೋಣ ಅಂತ ಹುಡುಗ ಹೇಳುತ್ತಿದ್ದಾನೆ.

ಕೈಯಲ್ಲಿ ಸ್ವಲ್ಪವೇ ಹಣ ಇರುವವರಿಗೆ ನನ್ನ ಸಲಹೆ: ಆರ್ಡುಯಿನೋ ಕಂಟ್ರೋಲರ್ ನೀವೇ ಕಟ್ಟಿ, ಒಳ್ಳೆಯ ಹಳಿ ಒಂದೆರಡು ತುಂಡು ಕೊಳ್ಳಿ, ಒಂದೇ ಒಂದು ಇಂಜಿನ್ನಿಗೆ ಬ್ಯಾಕ್ ಇಎಂಎಫ್ ಇರುವ ಡಿಕೋಡರ್ ಹಾಕಿ. ಬೋಗಿಗಳು ರಟ್ಟಿನವೇ ಇರಲಿ. ಕೊಳ್ಳುವ ಮೊದಲು ಪುಣೆಗೆ ಹೋಗುವ ಅವಕಾಶ ಸಿಕ್ಕರೆ ಕರ್ವೆ ರಸ್ತೆಯ ಜೋಶಿಯವರ ಕಿರುರೈಲು ಸಂಗ್ರಹಾಲಯ ನೋಡಿ ಬನ್ನಿ. 1998ರಿಂದ ನಡೆಯುತ್ತಿದೆ. ಒಬ್ಬರ ಹವ್ಯಾಸ ಎಷ್ಟು ದೂರ ಹೋಗಬಹುದು ಅಂತ ಅಲ್ಲಿ ಕಾಣುತ್ತದೆ.

ಮುಂದಿನ ಖರೀದಿಯ ಪಟ್ಟಿಯಲ್ಲಿ ಪಾಯಿಂಟ್ ತಿರುಗಿಸಲು ಸರ್ವೋ ಮೋಟಾರುಗಳಿವೆ. ಅವಕ್ಕಿಂತ ನನ್ನ ಮನಸ್ಸು ಹಬೆ ಇಂಜಿನ್ನಿನ ಮೇಲಿದೆ. ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿರುವ ಇಎಸ್ 506, ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಅದರ ಚಾಸಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲಿಂದ ಕೊನೆತನಕ ನಾವೇ ಮಾಡಬೇಕು. ದೊಡ್ಡ ಗಾಲಿಗಳ ವ್ಯಾಸ, ಅಚ್ಚುಗಳ ನಡುವಿನ ದೂರ, ಕನೆಕ್ಟಿಂಗ್ ರಾಡಿನ ಉದ್ದ, ಈ ಮೂರು ಅಳತೆ ಸರಿಯಾಗಿ ಸಿಕ್ಕರೆ ಮುಂದಿನ ದಾರಿ ತೆರೆಯುತ್ತದೆ. ಫಿಟ್ಟರ್ ಮಾವನಿಗೆ ಹೇಳಿದೆ. “ಟೇಪು ತಗೊಂಡು ನಾನೂ ಬರ್ತೀನಿ ನಡೀಮ್ಮ, ಗಾಲಿ ಅಳೆಯೋಕೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು” ಅಂದರು. ಮ್ಯೂಸಿಯಂನವರ ಅನುಮತಿ ಕೇಳಿ ಪತ್ರ ಬರೆದಿದ್ದೇನೆ.